ಸೈಡರ್‌ಗೆ ಅಂಕ, ಮಾವಿಗೆ ಪಾಠ

ಸೇಬಿನ ರಸವನ್ನು ಹುದುಗಿಸಿ ತಯಾರಿಸುವ ಸೈಡರ್ ಬ್ರಿಟನ್ನಿನಲ್ಲಿ ಜನಸಾಮಾನ್ಯರ ಪಾನೀಯ. ಅಲ್ಲಿನ ತೆರಿಗೆ ನಿಯಮದಂತೆ ಅದರಲ್ಲಿ ಶೇ. 35ರಷ್ಟು ಹಣ್ಣಿನ ರಸವಿದ್ದರೂ ಸಾಕು. ಆದುದರಿಂದ ಅಗ್ಗದ ಬಾಟಲಿಯ ಗುಣವನ್ನು ಹೆಸರಿನಿಂದಲ್ಲ, ನಾಲಗೆಯಿಂದಲೇ ನಿರ್ಣಯಿಸಬೇಕು.

ಟೇಕಲ್, ಮಾಲೂರು, ಶ್ರೀನಿವಾಸಪುರದ ಉದ್ಯಮಿಗಳಿಗೆ ಸೇಬು ದೂರದ ಹಣ್ಣು. ಮಾವು ಮನೆಯ ಹಣ್ಣು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತವು ಕರ್ನಾಟಕದ ತೋತಾಪುರಿಗೆ ನಿರ್ಬಂಧ ಹೇರಿದಾಗ, ನೆರೆರಾಜ್ಯದ ತಿರುಳು ಕಾರ್ಖಾನೆಗಳನ್ನು ನೆಚ್ಚಿದ್ದ ಬೆಳೆಗಾರರು ಕಂಗಾಲಾದರು. ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂ. ಮಧ್ಯಪ್ರವೇಶ ದರ ನಿಗದಿಪಡಿಸಬೇಕಾಯಿತು. ಸ್ಥಳೀಯ ಪಾನೀಯ ಘಟಕಗಳ ಅಗತ್ಯ ಇದರಿಂದ ಸ್ಪಷ್ಟ. ಆದರೆ ರುಚಿ ನಿಲ್ಲದಿದ್ದರೆ ಘಟಕವೂ ನಿಲ್ಲದು.

ರುಚಿಪರೀಕ್ಷೆಯ ಕ್ರಮ ಸರಳ. ಬಾಟಲಿಯ ಹೆಸರನ್ನು ಮರೆಮಾಡಿ, ಮೂರಂಕಿಯ ಸಂಕೇತ ನೀಡಿ, ಎಲ್ಲ ಮಾದರಿಗಳನ್ನೂ ಒಂದೇ ತಂಪಿನಲ್ಲಿ ಕೊಡಬೇಕು. ನಡುವೆ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಬಣ್ಣ, ಪರಿಮಳ, ಸಿಹಿ-ಹುಳಿಗಳ ಹದ, ನುಂಗಿದ ಬಳಿಕ ಉಳಿಯುವ ರುಚಿ, ಇವಕ್ಕೆ 1ರಿಂದ 9ರವರೆಗೆ ಅಂಕ. ‘ಅತೀವ ಇಷ್ಟ’ಕ್ಕೆ 9, ‘ಅತೀವ ಅನಿಷ್ಟ’ಕ್ಕೆ 1, ಇಷ್ಟಾನಿಷ್ಟಗಳ ನಡುವಣದ್ದು 5.

ಸಿಹಿ ಮುಂದಾಗಿ ಹಣ್ಣಿನ ಪರಿಮಳ ಹಿಂದುಳಿಯುವುದು ಅಗ್ಗದ ಸೈಡರ್‌ನ ಸಾಮಾನ್ಯ ದೋಷ. ನಮ್ಮ ‘ಕುಡಿಯಲು ಸಿದ್ಧ’ ಮಾವಿನ ಪಾನೀಯಕ್ಕೆ ಶೇ. 10ರಷ್ಟು ಹಣ್ಣಿನಂಶವೇ ಕನಿಷ್ಠ ಮಿತಿಯಾದುದರಿಂದ ಇಲ್ಲಿಯೂ ಅದೇ ಅಪಾಯವುಂಟು. ತೋತಾಪುರಿಯಲ್ಲಿ ತಿರುಳು ಹೇರಳ, ಪರಿಮಳ ಕಡಿಮೆ. ಬಾದಾಮಿ ಮಾವಿನಲ್ಲಿ ಪರಿಮಳ ಅಧಿಕ, ಬೆಲೆಯೂ ಅಧಿಕ. ಎಷ್ಟು ಬೆರೆಸಿದರೆ ಅಂಕ ಏರುವುದು, ಎಲ್ಲಿ ಲಾಭ ಇಳಿಯುವುದು ಎಂಬುದನ್ನು ಅಂಕಪಟ್ಟಿಯೇ ತೋರಿಸಬಲ್ಲದು. ಜಾಹೀರಾತಿನ ಬಲವಿಲ್ಲದ ಸಣ್ಣ ತಯಾರಕರಿಗೆ ಇದಕ್ಕಿಂತ ಅಗ್ಗದ ಸಲಹೆಗಾರ ದೊರೆಯಲಾರ.