ಪುಟ್ಟ ವಿಮಾನ, ದೊಡ್ಡ ತಲೆನೋವು

ಮೊನ್ನೆ ಶಹಾಪುರದಿಂದ ಒಬ್ಬ ತಂದೆ ಹದಿಮೂರರ ಮಗನನ್ನು ಕರೆತಂದಿದ್ದರು. ವಾರದಿಂದ ಸಂಜೆಯಾದರೆ ತಲೆನೋವು, ವಾಕರಿಕೆ. “ಕಣ್ಣಿಗಿ ಏನರ ನಂಬರ್ ಬಂದಾವೇನ್ ನೋಡ್ರಿ ಸಾಹೇಬ್ರ” ಎಂದರು. ದೃಷ್ಟಿ, ರಕ್ತದೊತ್ತಡ ಸರಿಯಿದ್ದವು, ಜ್ವರವೂ ಇಲ್ಲ. ನಾಡಿ ಹಿಡಿದಾಗ ಬೆರಳ ತುದಿಯಲ್ಲಿ ಒಣಗಿದ ಅಂಟಿನ ಪೊರೆ ಕಂಡಿತು. ಬೆಂಗಳೂರಿನ ಸೋದರಮಾವ ಪ್ಲಾಸ್ಟಿಕ್ ವಿಮಾನದ ಕಿಟ್ ತಂದುಕೊಟ್ಟಿದ್ದರಂತೆ. ಧೂಳು ಬರಬಾರದೆಂದು ಹುಡುಗ ಕಿಟಕಿ, ಬಾಗಿಲು ಹಾಕಿಕೊಂಡು ಜೋಡಿಸುತ್ತಿದ್ದ!

ಈ ಕಿಟ್‌ಗಳ ಬಿಡಿಭಾಗಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. 1:72 ಅಳತೆಯಲ್ಲಿ ಹನ್ನೊಂದು ಮೀಟರಿನ ರೆಕ್ಕೆ ಸುಮಾರು 15 ಸೆಂಟಿಮೀಟರಿಗೆ ಇಳಿಯುತ್ತದೆ. ಇದರ ಅಂಟು ನಮ್ಮ ಗೋಂದಿನಂತಲ್ಲ; ಪ್ಲಾಸ್ಟಿಕ್ಕಿನ ಅಂಚುಗಳನ್ನೇ ಕರಗಿಸಿ ಬೆಸೆಯುತ್ತದೆ. ಕರಗಿಸುವ ದ್ರಾವಕ ಬೇಗ ಆವಿಯಾಗುತ್ತದೆ. 40 ಡಿಗ್ರಿ ದಾಟುವ ಯಾದಗಿರಿಯ ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಆ ಆವಿ ಶ್ವಾಸಕೋಶದಿಂದ ರಕ್ತಕ್ಕೆ, ಅಲ್ಲಿಂದ ಮೆದುಳಿಗೆ ಹೋಗಿ ತಲೆಸುತ್ತು, ವಾಕರಿಕೆ ತರುತ್ತದೆ. ಮೂಗಿಗೆ ಬಟ್ಟೆ ಕಟ್ಟಿದರೆ ಅದು ನಿಲ್ಲದು.

ಕಿಟ್ಟನ್ನು ತಿಪ್ಪೆಗೆ ಎಸೆಯುತ್ತೇನೆಂದರು ತಂದೆ. ಬೇಡವೆಂದೆ. ಎಳೆ ಕೂದಲಿನಂಥ ಗೆರೆ ಎಳೆದ ಸುರಪುರದ ಚಿತ್ರಕಾರರ ಸೀಮೆ ನಮ್ಮದು. ತಾಳ್ಮೆಯ ಕೈಕೆಲಸವನ್ನು ನಾವೇ ಬಿಡಿಸಬೇಕೆ? ಹುಡುಗನಿಗೆ ಮುಂದೆ ‘ಮಾರುತ್’ ಮಾಡುವ ಆಸೆ. ಎಚ್‌ಎಎಲ್ ರೂಪಿಸಿದ ಆ ಯುದ್ಧವಿಮಾನ ಮೊದಲು ಹಾರಿದ್ದು 1961ರ ಜೂನ್ 17ರಂದು, ಬೆಂಗಳೂರಿನಲ್ಲಿ.

ಹೊಸಬರು ಅಂಟಿಲ್ಲದೆ ಒತ್ತಿದರೆ ಕೂರುವ ಕಿಟ್ಟಿನಿಂದ ಶುರುಮಾಡುವುದು ಲೇಸು. ಅಂಟು ಬೇಕೆಂದರೆ ಪಡಸಾಲೆಯಲ್ಲಿ, ಗಾಳಿಯಾಡುವ ಕಡೆ ಕುಳಿತು ಹಚ್ಚಿ; ಒಲೆ, ದೀಪ, ಊದಿನಕಡ್ಡಿ ಹತ್ತಿರವಿರಬಾರದು, ಬೆಂಕಿ ಹೊತ್ತೀತು. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಒಳ್ಳೆಯದು. ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡಬೇಡಿ. ಉಪ್ಪುಕಾಗದವನ್ನು ನೀರಲ್ಲಿ ಅದ್ದಿ ಉಜ್ಜಿದರೆ ಪುಡಿ ಹಾರದು. ಮನೆಯಲ್ಲಿ ಅಂಬೆಗಾಲಿಡುವ ಕೂಸಿದ್ದರೆ ಸಣ್ಣ ಚೂರುಗಳನ್ನು ಡಬ್ಬಿಯಲ್ಲಿ ಮುಚ್ಚಿಡಿ. ಉಸಿರುನಾಳಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ಕ್ಷಣದಲ್ಲಿ ಹಿಡಿಯುವ ಅಂಟಿನಿಂದ ಬೆರಳು ಕೂಡಿಕೊಂಡರೆ ಕಿತ್ತುಬಿಡಬೇಡಿ, ಬೆಚ್ಚನೆಯ ಸಾಬೂನು ನೀರಲ್ಲಿ ನೆನೆಸಿ. ಕಣ್ಣಿಗೆ ಸಿಡಿದರೆ ರೆಪ್ಪೆ ಬಲವಂತವಾಗಿ ಬಿಡಿಸದೆ, ನೀರು ಹಾಕುತ್ತಾ ತಕ್ಷಣ ಕಣ್ಣಿನ ವೈದ್ಯರ ಬಳಿ ಹೋಗಿ.

ಅಂಟಿನ ವಾಸನೆಯನ್ನು ಮಗು ಬೇಕೆಂದೇ ಮೂಸುತ್ತಿದ್ದರೆ ಮಾತ್ರ ಅದು ಹವ್ಯಾಸವಲ್ಲ, ಚಟ. ಒಮ್ಮೆಗೇ ಹೃದಯ ನಿಲ್ಲಲೂಬಹುದು. ಬಡಿಯಬೇಡಿ, ವೈದ್ಯರಿಗೆ ತೋರಿಸಿ.

ವಾರದ ನಂತರ ಹುಡುಗ ಮತ್ತೆ ಬಂದಿದ್ದ. ಕೆಲಸ ಪಡಸಾಲೆಗೆ ಬಂದ ಮೇಲೆ ತಲೆನೋವು ಮರುಕಳಿಸಿಲ್ಲ. ಮರುಕಳಿಸಿದ್ದರೆ ಬೇರೆ ಕಾರಣ ಹುಡುಕಬೇಕಿತ್ತು.