ತೂತಿನ ಡಿಸ್ಕು, ಗೀರಿನ ಡಿಸ್ಕು, ಬೋಳು ಡಿಸ್ಕು

ಯುಗಾದಿ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಸದಸ್ಯ ಮಿತ್ರರೊಬ್ಬರು, ತಮ್ಮ ಮಗನಿಗೆ ಕಾರನ್ನು ಡಾನಿಂಗ್‌ಟನ್ ಪಾರ್ಕಿನ ಟ್ರ್ಯಾಕಿಗೆ ಒಯ್ದು ಓಡಿಸುವ ಹುಚ್ಚು ಹಿಡಿದಿದೆಯೆಂದೂ, "ಎಂಥ ಬ್ರೇಕ್ ಡಿಸ್ಕ್ ಹಾಕಿಸೋದು, ಹೇಳಿ ಸ್ವಾಮಿ" ಎಂದೂ ಕೇಳಿದರು. ನಮ್ಮ ಮನೆಯಲ್ಲೂ ಅದೇ ಹುಚ್ಚು. ದಂಡ ತೆತ್ತವನಾದ್ದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ. (ಅಮೆರಿಕದ ಬಂಧುಗಳು ರೋಟರ್ ಎನ್ನುವುದೂ ಇದನ್ನೇ.)

ದಂಡದ ಕಥೆ ಮೊದಲು. ನಮ್ಮ ಮಗರಾಯ ತೂತು ಕೊರೆದ ಡಿಸ್ಕ್‌ಗಳೇ ಬೇಕೆಂದು ಹಟ ಹಿಡಿದ. "ಅಪ್ಪ, ರೇಸ್ ಕಾರಿನ ಥರ ಕಾಣುತ್ತೆ" ಎಂದ. ಕಂಡದ್ದೂ ನಿಜ. ಎರಡನೆಯ ಸಲ ಹೋದಾಗ ಮಧ್ಯಾಹ್ನ, ನೇರ ದಾರಿಯ ತುದಿಯಲ್ಲಿ ತುಳಿದ ಪೆಡಲ್ ಮೆತ್ತಗೆ ನೆಲಕ್ಕಿಳಿಯಿತು. ಕಾರು ಜಲ್ಲಿಯೊಳಗೆ ನುಗ್ಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಬೇಲಿಯಾಚೆ ನಿಂತಿದ್ದ ನನ್ನಾಕೆ ಒಂದು ಮಾತೂ ಆಡಲಿಲ್ಲ. ತಂದಿದ್ದ ಚಿತ್ರಾನ್ನವನ್ನು ಯಾರೂ ಮುಟ್ಟಲಿಲ್ಲ. ಚಕ್ರ ಬಿಚ್ಚಿ ನೋಡಿದರೆ ಒಂದು ತೂತಿನಿಂದ ಇನ್ನೊಂದಕ್ಕೆ ಬಿರುಕು!

ಆಗ ಕುಳಿತು ಲೆಕ್ಕ ಹಾಕಿದೆ. 1,400 ಕಿಲೋ ತೂಕದ ಕಾರು ಗಂಟೆಗೆ 200 ಕಿ.ಮೀ. ವೇಗದಿಂದ 80ಕ್ಕೆ ಇಳಿಯುವಾಗ ಸುಮಾರು 18 ಲಕ್ಷ ಜೂಲ್ ಶಾಖ ಹುಟ್ಟುತ್ತದೆ. ಐದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಇದೆಲ್ಲ ಕೆಲವೇ ಸೆಕೆಂಡುಗಳಲ್ಲಿ, ಅದೂ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕ್‌ಗಳಿಗೆ. ಮತ್ತೆ ಮುಂದಿನ ಸುತ್ತಿನಲ್ಲೂ ಅದೇ ಕಥೆ.

ದೋಸೆ ಹುಯ್ಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಪ್ಪ ಎರಕದ ಕಾವಲಿ ಶಾಖವನ್ನು ನುಂಗಿಕೊಳ್ಳುತ್ತದೆ, ತೆಳು ಕಾವಲಿ ಸೀಯಿಸುತ್ತದೆ. ಡಿಸ್ಕ್ ಕೂಡ ಎರಕದ ಕಬ್ಬಿಣವೇ. ತೂತು ಕೊರೆದಷ್ಟೂ ಶಾಖ ನುಂಗುವ ಕಬ್ಬಿಣ ಕಡಿಮೆ, ತೂತಿನ ಅಂಚಿನಲ್ಲಿ ಬಿರುಕು ಹುಟ್ಟುವುದೂ ಸುಲಭ. ಹಿಂದಿನ ಕಾಲದ ಪ್ಯಾಡುಗಳು ಕಾದಾಗ ಹೊರಡುತ್ತಿದ್ದ ಅನಿಲ ಹೋಗಲೆಂದು ತೂತು ಬೇಕಿತ್ತಂತೆ. ಈಗಿನ ಪ್ಯಾಡುಗಳಿಗೆ ಆ ತೊಂದರೆ ಅಷ್ಟಿಲ್ಲ. ಗೀರು ಹಾಕಿದ ಡಿಸ್ಕ್ ಪರವಾಗಿಲ್ಲ, ಪ್ಯಾಡಿನ ಮುಖವನ್ನು ಕೆರೆದು ಶುಚಿಯಾಗಿಡುತ್ತದೆ, ಆದರೆ ಪ್ಯಾಡು ಬೇಗ ಸವೆಯುತ್ತದೆ, ಸದ್ದೂ ಉಂಟು. ಹೊಸಬರಿಗೆ ನನ್ನ ಮತವೇನೆಂದರೆ, ನಡುವೆ ಗಾಳಿಯಾಡುವ, ಒಳ್ಳೆಯ ಎರಕದ ಬೋಳು ಡಿಸ್ಕೇ ಸಾಕು. ಅದು ಸವೆದರೆ ಎಸೆಯಲು ಹೊಟ್ಟೆ ಉರಿಯುವುದಿಲ್ಲ. ನಡುವೆ ಅಲ್ಯೂಮಿನಿಯಂ ಇರುವ ಎರಡು ತುಂಡಿನ ಡಿಸ್ಕ್ ಹಗುರ, ಕಾದಾಗ ಹಿಗ್ಗಲು ಅವಕಾಶವೂ ಇದೆ. ಜೇಬು ಅನುಮತಿಸಿದರೆ ಆಗಬಹುದು. ಪೋರ್ಷೆಯವರು 2001ರಲ್ಲಿ ತಂದ ಸೆರಾಮಿಕ್ ಡಿಸ್ಕ್‌ನ ಬೆಲೆ ಕೇಳಲೇಬೇಡಿ.

ಒಳಗಿನ ರೆಕ್ಕೆಗಳು ಬಾಗಿದ್ದರೆ ಎಡದ್ದು ಬೇರೆ, ಬಲದ್ದು ಬೇರೆ. ಚಕ್ರ ಮುಂದಕ್ಕೆ ಉರುಳುವಾಗ ರೆಕ್ಕೆಗಳು ಹಿಂದಕ್ಕೆ ವಾಲಿರಬೇಕು. ಆಗಲೇ ಗಾಳಿ ನಡುವಿನಿಂದ ಹೊರಕ್ಕೆ ಚಿಮ್ಮುವುದು. ಮೇಲಿನ ಗೀರು ನೋಡಿ ತಿರುವುಮುರುವು ಹಾಕಿದ ಮೆಕ್ಯಾನಿಕ್‌ಗಳನ್ನು ಕಂಡಿದ್ದೇನೆ.

ಇನ್ನು ನಮ್ಮ ಪೆಡಲ್ ಮೆತ್ತಗಾದದ್ದು ಬಿರುಕಿನಿಂದಲ್ಲ, ಬ್ರೇಕ್ ದ್ರವ ಕುದಿದದ್ದರಿಂದ. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿವರೆಗೆ ಕುದಿಯದು. ಗಾಳಿಯ ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ನಮ್ಮದು ಬದಲಾಯಿಸಿ ನಾಲ್ಕು ವರ್ಷವಾಗಿತ್ತು. ಡಿಸ್ಕಿಗೆ ದುಡ್ಡು ಸುರಿದು ದ್ರವವನ್ನು ಮರೆತವರು ನಾವು! ಮಾಮೂಲಿ ಕಾರು ವಿಮೆ ಟ್ರ್ಯಾಕಿನಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲವೆಂದು ತಿಳಿದದ್ದೂ ಆ ಸಂಜೆಯೇ.

ಸುತ್ತು ಮುಗಿಸಿ ಬಂದವರು ಬಿಸಿ ಡಿಸ್ಕಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಗೇರಿನಲ್ಲಿ ನಿಲ್ಲಿಸಿ. ಪ್ಯಾಡಿನ ಪದರ ಒಂದೇ ಕಡೆ ಅಂಟಿಕೊಂಡರೆ ಸ್ಟೇರಿಂಗ್ ನಡುಗುತ್ತದೆ. "ಡಿಸ್ಕ್ ಸೊಟ್ಟಗಾಗಿದೆ" ಎಂದು ಗ್ಯಾರೇಜಿನವರು ಹೇಳುವುದು ಬಹಳ ಸಲ ಇದನ್ನೇ. ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪ ಎಷ್ಟೆಂದು ಕೊರೆದಿರುತ್ತದೆ, ಅದಕ್ಕಿಂತ ಸವೆದದ್ದನ್ನು ಬಳಸಬಾರದು. ಅಳೆಯಲು ನನ್ನ ಬಳಿ ಮೈಕ್ರೋಮೀಟರ್ ಇದೆ. ದೀಪಾವಳಿ ಕೂಟಕ್ಕೆ ತರುತ್ತೇನೆ. ಬೇಕಾದವರು ಒಯ್ದು, ದಯವಿಟ್ಟು ಹಿಂದಿರುಗಿಸಿ.