ಹಿಂಬಾಲಿಸಿ ಬರುವ ನಾಯಿಯ ಹೊಣೆ

2024ರ ಜೂನ್ ತಿಂಗಳ ಕೊನೆಯ ವಾರದಲ್ಲಿ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲ್ಲೂಕಿನ ಒಂದು ಹಳ್ಳಿಯಿಂದ ಭಕ್ತರ ತಂಡವೊಂದು ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೊರಟಿತು. ‘ಮಹಾರಾಜ’ ಎಂಬ ಕರಿಯ ನಾಯಿಯೊಂದು ತಾನಾಗಿಯೇ ಅವರ ಹಿಂದೆ ನಡೆಯಿತು. ವಿಠ್ಠಲನ ದರ್ಶನ ಮುಗಿಸಿ ಹೊರಬಂದಾಗ ನಾಯಿ ಕಾಣಲಿಲ್ಲ. ಹುಡುಕಿದರೂ ಸಿಕ್ಕಲಿಲ್ಲ. ಜುಲೈ ನಡುವಿನಲ್ಲಿ ಭಕ್ತರು ಊರಿಗೆ ಮರಳಿದರು; ಮರುದಿನವೇ ಆ ನಾಯಿ ಬಾಲವನ್ನಾಡಿಸುತ್ತ ಮನೆಯ ಮುಂದೆ ನಿಂತಿತ್ತು. ಸುಮಾರು 250 ಕಿಲೋಮೀಟರು ದಾರಿಯನ್ನು ಅದು ಒಂಟಿಯಾಗಿ ಕ್ರಮಿಸಿತೆಂದು ಪತ್ರಿಕೆಗಳು ಬರೆದವು. ಊರವರು ಅದಕ್ಕೆ ಹಾರ ಹಾಕಿ, ಊಟದ ಏರ್ಪಾಡು ಮಾಡಿ ಸಂತೋಷಪಟ್ಟರು.

ಈ ಸುದ್ದಿಯನ್ನೋದಿ ನಾವೂ ಸಂತೋಷಪಟ್ಟೆವು. ಆದರೆ ಮರಳಿ ಬಂದ ನಾಯಿಯೊಂದು ಸುದ್ದಿಯಾಯಿತು. ಮರಳದೆ ಹೋದ ನಾಯಿಗಳ ಸುದ್ದಿಯನ್ನು ಯಾರು ಬರೆದಾರು? ನಾಯಿಗೆ ಯಾತ್ರೆಯ ಗುರಿ ತಿಳಿಯದು, ದಾರಿಯ ಉದ್ದ ತಿಳಿಯದು. ಅದು ನಂಬಿರುವುದು ಮುಂದೆ ನಡೆಯುವ ಮನುಷ್ಯನನ್ನು. ಆದುದರಿಂದ ಅದರ ಕ್ಷೇಮದ ಹೊಣೆಯೂ ಆ ಮನುಷ್ಯನದೇ.

ಈ ಮಾತನ್ನು ನಮ್ಮವರ ಮುಂದೆ ಇಡಲು ಕಾರಣವುಂಟು. ಊರು ಬಿಟ್ಟು ಹೈದರಾಬಾದಿನಲ್ಲಿ ದುಡಿಯುವ ನಮಗೆ ಹೋಟೆಲಿನ ಹಿಂಬಾಗಿಲಲ್ಲಿ ಕಾದಿರುವ ನಾಯಿಯೂ ಒಂದು ಬಳಗವೇ. ರಾತ್ರಿ ಬಾಗಿಲು ಹಾಕಿದ ಮೇಲೆ ಕೋಣೆಯವರೆಗೂ ಜೊತೆಗೆ ಬರುವುದು ಅದೊಂದೇ. ಯುಗಾದಿ ಸಮೀಪಿಸುತ್ತಲೇ ಕರ್ನಾಟಕದ ಉತ್ತರ ಜಿಲ್ಲೆಗಳಿಂದ ಸಾವಿರಾರು ಭಕ್ತರು ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ನಡೆದು ಹೋಗುತ್ತಾರೆ. ನಮ್ಮಲ್ಲಿ ಯಾರಾದರೂ ರಜೆ ಪಡೆದು ಗಂಟು ಕಟ್ಟಿದರೆ, ಆ ನಾಯಿಯೂ ಎದ್ದು ಹಿಂದೆ ಹೊರಡುವುದು ಸಹಜ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಅದನ್ನು ಕರೆದೊಯ್ಯಬಹುದೇ? ಆತ್ಮಕೂರಿನ ಕಡೆಯಿಂದ ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನುಗಳ ಮೇಲೆ ಸಾಗುವ ಕಾಲುದಾರಿ ನಲ್ಲಮಲೆಯ ದಟ್ಟಡವಿಯಲ್ಲಿದೆ. ಹೈದರಾಬಾದಿನಿಂದ ಮನ್ನನೂರಿನ ಮೇಲೆ ಹೋಗುವ ಹೆದ್ದಾರಿಯೂ ಅಮ್ರಾಬಾದ್ ಹುಲಿ ರಕ್ಷಿತಾರಣ್ಯವನ್ನು ಹಾದುಹೋಗುತ್ತದೆ. ವನ್ಯಮೃಗಗಳ ಸಲುವಾಗಿ ಅಲ್ಲಿ ರಾತ್ರಿ ವಾಹನಸಂಚಾರವನ್ನು ತಡೆಯುತ್ತಾರೆ. ಅಂಥ ಕಾಡಿನಲ್ಲಿ ನಾಯಿ ಚಿರತೆಗೆ ಸುಲಭವಾದ ಆಹಾರ. ಅಷ್ಟೇ ಅಲ್ಲ, ನಾಯಿಯಿಂದ ಕಾಡಿಗೂ ಕೇಡುಂಟು. ಡಿಸ್ಟೆಂಪರ್ ಎಂಬ ನಾಯಿಗಳ ಅಂಟುರೋಗ 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಹಬ್ಬಿ, ಅಲ್ಲಿಯ ಸಿಂಹಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಸತ್ತವು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಸತ್ತ ಸಿಂಹಗಳಲ್ಲಿಯೂ ಈ ರೋಗ ಕಂಡುಬಂದಿತು. ಆದಕಾರಣ ನಲ್ಲಮಲೆಯ ದಾರಿಗೆ ನಾಯಿಯನ್ನು ಒಯ್ಯದಿರುವುದೇ ಸರಿ. ಇದರಲ್ಲಿ ಎರಡನೆಯ ಮಾತಿಲ್ಲ.

ಹಾಗಾದರೆ ನಾಯಿಯೊಡನೆ ದೂರ ನಡೆಯುವ ಸುಖವೇ ಬೇಡವೇ? ಬೇಕು. ಹುಲಿ ಚಿರತೆಗಳ ಕಾಟವಿಲ್ಲದ ಹಳ್ಳಿದಾರಿಗಳೂ ಗುಡ್ಡಗಳೂ ಸಾಕಷ್ಟಿವೆ. ವಿಕಾರಾಬಾದಿನ ಬಳಿಯ ಅನಂತಗಿರಿಯಂಥ ಅರಣ್ಯದ ಸ್ಥಳವಾದರೆ ಅಲ್ಲಿಯ ಸಿಬ್ಬಂದಿಯನ್ನು ಮೊದಲು ಕೇಳಿಕೊಳ್ಳಬೇಕು. ಹೊರಡುವುದಕ್ಕೆ ಒಂದು ತಿಂಗಳ ಮುಂಚೆಯೇ ಪಶುವೈದ್ಯರಲ್ಲಿ ತೋರಿಸಿ, ಹುಚ್ಚುನಾಯಿ ರೋಗದ ಹಾಗೂ ಡಿಸ್ಟೆಂಪರಿನ ಚುಚ್ಚುಮದ್ದು ಹಾಕಿಸುವುದು ಅವಶ್ಯ. ಬೀದಿನಾಯಿಯ ಕಿವಿಯ ತುದಿ ಕತ್ತರಿಸಿದ್ದರೆ ಅದಕ್ಕೆ ಸಂತಾನಹರಣ ಚಿಕಿತ್ಸೆಯೊಡನೆ ಒಮ್ಮೆ ಚುಚ್ಚುಮದ್ದು ಆಗಿದೆಯೆಂದು ತಿಳಿಯಬಹುದು. ಆದರೆ ಅದನ್ನು ಮತ್ತೆ ಮತ್ತೆ ಹಾಕಿಸುತ್ತಿರಬೇಕು. ಮರಿಗಳು, ಮುದಿನಾಯಿಗಳು, ಗಬ್ಬದ ನಾಯಿಗಳು, ಚಪ್ಪಟೆ ಮೂತಿಯ ಜಾತಿಗಳು ದೂರದ ನಡಿಗೆಗೆ ತಕ್ಕವಲ್ಲ. ಉಳಿದವನ್ನೂ ಮೊದಲ ದಿನ ಎರಡು ಮೈಲಿ, ಬರಬರುತ್ತ ನಾಲ್ಕು, ಆರು ಎಂದು ಪಳಗಿಸಬೇಕು. ಕೊರಳಪಟ್ಟಿಯಲ್ಲಿ ನಮ್ಮ ದೂರವಾಣಿ ಸಂಖ್ಯೆ ಕೆತ್ತಿದ ಬಿಲ್ಲೆಯಿರಲಿ, ಕೈಯಲ್ಲಿ ಹಗ್ಗವಿರಲಿ. ಜಾತ್ರೆಯ ಜಂಗುಳಿಯಲ್ಲಿ ನಾಯಿ ಕಳೆದುಹೋಗುವುದು ಒಂದು ಕ್ಷಣದ ಮಾತು. ಮೇಲಾಗಿ, ತನ್ನ ಬೀದಿ ದಾಟಿದ ನಾಯಿಗೆ ಪ್ರತಿಯೊಂದು ಊರಿನ ನಾಯಿಗಳೂ ವೈರಿಗಳೇ.

ದಾರಿಯಲ್ಲಿ ದೊಡ್ಡ ಶತ್ರು ಬಿಸಿಲು. ನಮಗೆ ಮೈಯೆಲ್ಲ ಬೆವರಿ ತಂಪಾಗುತ್ತದೆ. ನಾಯಿ ಬೆವರುವುದು ಅಂಗಾಲುಗಳಲ್ಲಿ ಮಾತ್ರ, ಅದೂ ಸ್ವಲ್ಪವೇ. ನಾಲಗೆ ಚಾಚಿ ಏದುವುದೇ ಅದರ ಮುಖ್ಯ ಉಪಾಯ. ಆದುದರಿಂದ ಬೆಳಗಿನ ಜಾವ ಮತ್ತು ಸಂಜೆ ನಡೆದು, ನಡುಹಗಲು ನೆರಳಿನಲ್ಲಿರಬೇಕು. ಡಾಂಬರು ರಸ್ತೆಯ ಮೇಲೆ ನಮ್ಮ ಕೈಯ ಹಿಂಭಾಗವನ್ನು ಏಳು ಎಣಿಸುವವರೆಗೆ ಇಡಲಾಗದಿದ್ದರೆ, ಅದರ ಅಂಗಾಲೂ ಸುಡುತ್ತದೆಂದೇ ಅರ್ಥ. 15 ಕಿಲೋ ತೂಕದ ನಾಯಿಗೆ ಸುಮ್ಮನೆ ಮಲಗಿದ್ದ ದಿನವೂ ಮುಕ್ಕಾಲರಿಂದ ಒಂದು ಲೀಟರು ನೀರು ಬೇಕು. ನಡೆಯುವ ದಿನ ಇನ್ನೂ ಹೆಚ್ಚು. ಏದುಸಿರು ನಿಲ್ಲದೆ, ಅಂಟಾದ ಜೊಲ್ಲು ಸುರಿದು, ವಸಡು ಕಡುಗೆಂಪಾಗಿ, ನಡೆ ತೂರಾಡಿದರೆ ಅದು ಬಿಸಿಲಾಘಾತ. ಕೂಡಲೆ ನೆರಳಿಗೆ ಒಯ್ದು, ಮೈಮೇಲೆಲ್ಲ ನೀರು ಸುರಿದು, ಗಾಳಿ ಬೀಸುತ್ತ ವೈದ್ಯರಲ್ಲಿಗೆ ಕೊಂಡೊಯ್ಯಬೇಕು. ಬಾಯಿಗೆ ಬಲವಂತದಿಂದ ನೀರು ಹೊಯ್ಯಬಾರದು.

ಊಟದ ವಿಷಯ ನಮ್ಮ ಕಸುಬಿಗೆ ಸೇರಿದುದು. ಮಿಕ್ಕ ಈರುಳ್ಳಿ ಸಾಂಬಾರನ್ನು ಅನ್ನಕ್ಕೆ ಕಲಸಿ ನಾಯಿಗೆ ಹಾಕುವುದು ಹೋಟೆಲುಗಳಲ್ಲಿ ನಡೆದುಬಂದ ರೂಢಿ. ಆದರೆ ಈರುಳ್ಳಿ, ಬೆಳ್ಳುಳ್ಳಿಗಳು ಬೇಯಿಸಿದರೂ ನಾಯಿಯ ರಕ್ತದ ಕೆಂಪುಕಣಗಳನ್ನು ಹಾಳುಮಾಡುತ್ತವೆ. ಕೇಸರಿಭಾತಿನಲ್ಲಿ ಕಾಣುವ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಒಗ್ಗರಣೆಯಿಲ್ಲದ ಮೊಸರನ್ನವೋ, ಬೇಯಿಸಿದ ಮೊಟ್ಟೆಯೋ ಸಾಕು. ತಿಂದ ತಕ್ಷಣ ಓಡಿಸಬಾರದು.

ಪ್ರತಿ ಸಂಜೆಯೂ ಬೆರಳುಗಳ ಸಂದು, ಕಿವಿ, ಕಂಕುಳುಗಳನ್ನು ನೋಡಿ ಮುಳ್ಳು, ಉಣುಗುಗಳನ್ನು ತೆಗೆಯಬೇಕು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯುವುದೂ ಕಟ್ಟುವುದೂ ತಪ್ಪು. ನಡೆಯಿಸದೆ ಎತ್ತಿಕೊಂಡೇ ವೈದ್ಯರಲ್ಲಿಗೆ ಹೋಗಬೇಕು.

ಇನ್ನು ಕರೆಯದೆ ಬರುವ ನಾಯಿ. 2019ರಲ್ಲಿ ತಿರುಮಲೆಯಿಂದ ಶಬರಿಮಲೆಗೆ ಹೊರಟ 13 ಮಂದಿ ಅಯ್ಯಪ್ಪಭಕ್ತರನ್ನು ಬೀದಿನಾಯಿಯೊಂದು ಹಿಂಬಾಲಿಸಿ, ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ 480 ಕಿಲೋಮೀಟರಿಗೂ ಹೆಚ್ಚು ನಡೆದಿತ್ತು. ಭಕ್ತರು ತಮ್ಮ ಅಡಿಗೆಯಲ್ಲಿಯೇ ಅದಕ್ಕೂ ಪಾಲು ಕೊಟ್ಟರು. ಅದು ಒಳ್ಳೆಯತನ. ಆದರೆ ಮೊದಲ ತುತ್ತು ಹಾಕಿದವನು ಕೊನೆಯ ಮೈಲಿಯ ತನಕ ಹೊಣೆಗಾರನಾಗುತ್ತಾನೆಂಬುದನ್ನು ಮರೆಯಬಾರದು. ನಮ್ಮಿಂದಾಗದೆಂದು ತೋರಿದರೆ ಮೊದಲ ದಿನವೇ, ಅದರ ಬೀದಿ ಇನ್ನೂ ಹತ್ತಿರವಿರುವಾಗಲೇ, ಮರಳಿಸಿ ಬರುವುದು ಲೇಸು. ಹೊರಡುವ ರಾತ್ರಿ ಅದನ್ನು ಒಳಗೆ ಕಟ್ಟಿ, ಅಡಿಗೆಯ ಭಟ್ಟರಿಗೋ ಕೋಣೆಯ ಗೆಳೆಯರಿಗೋ ಒಪ್ಪಿಸಿ, ದಿನದ ಹೊತ್ತಿಗೇ ಅನ್ನ ಹಾಕಲು ಹೇಳಿ ಹೊರಟರೆ ಆಯಿತು. ನಾಲ್ಕು ದಿನ ಅದು ಊಳಿಟ್ಟೀತು, ಜೀವವಂತೂ ಉಳಿಯುತ್ತದೆ.

ಮಹಾಪ್ರಸ್ಥಾನದ ಕಥೆಯನ್ನು ಹೇಳುವಾಗ ನಾವು ನಾಯಿಯ ನಿಷ್ಠೆಯನ್ನು ಕೊಂಡಾಡುತ್ತೇವೆ. ಆದರೆ ಅಲ್ಲಿ ಪರೀಕ್ಷೆಗೆ ಒಳಗಾದುದು ನಾಯಿಯಲ್ಲ, ಧರ್ಮರಾಯ. ನಂಬಿ ಬಂದುದನ್ನು ಬಿಟ್ಟು ಸ್ವರ್ಗವೂ ಬೇಡವೆಂದು ಅವನು ನಿಂತನು. ಕೆಲವೊಮ್ಮೆ ಹಾಗೆ ಜೊತೆಗೆ ಕರೆದೊಯ್ಯುವುದು ಧರ್ಮ. ಕೆಲವೊಮ್ಮೆ ಕ್ಷೇಮವಾಗಿ ಮನೆಯಲ್ಲಿ ಬಿಟ್ಟು ಹೋಗುವುದೇ ಧರ್ಮ. ಯಾವುದು ಎಂಬುದನ್ನು ನಾಯಿ ಅರಿಯದು, ನಾವು ಅರಿಯಬೇಕು.